ಹಳ್ಳದ ಮರಳಿನಿಂದ ಡಾಂಬರು ಬಿಡಿಸಿದ್ದು

ಡಾಂಬರಿನ ಟ್ಯಾಂಕರ್ ಮಗುಚಿದ ಸುದ್ದಿ ಬಂದಾಗ ನಾನು ಪ್ರಯೋಗಾಲಯದ ಬಾಗಿಲು ತೆಗೆಯುತ್ತಿದ್ದೆ. ದಾಸನಕೊಪ್ಪದ ಹತ್ತಿರ ನಮ್ಮ ಗುತ್ತಿಗೆದಾರರ ಡಾಂಬರು ಮಿಶ್ರಣದ ಪ್ಲಾಂಟ್ ಇದೆ. ಅದರ ಪಕ್ಕದ ತಗಡಿನ ಕೋಣೆಯೇ ನನ್ನ ಪ್ರಯೋಗಾಲಯ. ಹಾಸಿದ ರಸ್ತೆಯಿಂದ ತಂದ ತುಂಡಿನಲ್ಲಿ ಡಾಂಬರು ಎಷ್ಟಿದೆ ಎಂದು ನೋಡುವುದು ನನ್ನ ಕೆಲಸ. ತುಂಡನ್ನು ತೂಗಿ, ಪುಡಿ ಮಾಡಿ, ಒಂದು ಲೋಹದ ಬಟ್ಟಲಿಗೆ ಹಾಕಿ, ಮೇಲಿನಿಂದ ದ್ರಾವಕ ಸುರಿಯುತ್ತೇನೆ. ಡಾಂಬರು ಕರಗಿದ ಮೇಲೆ ಬಟ್ಟಲನ್ನು ಯಂತ್ರಕ್ಕೆ ಸಿಕ್ಕಿಸಿ ಗರಗರ ತಿರುಗಿಸಿದರೆ ಕಷಾಯದಂಥ ದ್ರವ ಸೋಸು ಕಾಗದದಿಂದ ಹೊರಬೀಳುತ್ತದೆ. ಮತ್ತೆ ದ್ರಾವಕ, ಮತ್ತೆ ತಿರುಗಿಸುವುದು. ಹೊರಬರುವ ದ್ರವ ತಿಳಿಯಾದ ಮೇಲೆ ಉಳಿದ ಜಲ್ಲಿ ಮರಳನ್ನು ಒಣಗಿಸಿ ತೂಗಿದರೆ ಕರಗಿ ಹೋದ ಡಾಂಬರಿನ ಲೆಕ್ಕ ಸಿಗುತ್ತದೆ. ದ್ರಾವಕದ ವಾಸನೆ ಸಿಹಿಯಾಗಿರುತ್ತದೆ, ಆದರೆ ಅದು ವಿಷ. ಕಿಟಕಿ ತೆರೆದು, ಫ್ಯಾನ್ ಹಾಕಿ, ಕೈಗವಸು ತೊಟ್ಟೇ ಮುಟ್ಟಬೇಕು.

ಕುಮಟಾ ರಸ್ತೆ ಕಾಮಗಾರಿಗಾಗಿ ಮುಚ್ಚಿದ್ದರಿಂದ ಆ ವರ್ಷ ನಮ್ಮ ಡಾಂಬರು ಯಲ್ಲಾಪುರದ ಮೇಲಿಂದ ಸುತ್ತಿ ಬರುತ್ತಿತ್ತು. ಯಲ್ಲಾಪುರ ದಾಟಿ ಶಿರಸಿಯ ಕಡೆ ಬರುವಾಗ ಒಂದು ತಿರುವಿನಲ್ಲಿ, ಸಣ್ಣ ಸೇತುವೆಯ ಪಕ್ಕ, ಟ್ಯಾಂಕರ್ ಹಳ್ಳದ ಬದಿಗೆ ವಾಲಿ ಬಿದ್ದಿತ್ತು. ಗುತ್ತಿಗೆದಾರರು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಮೇಡಂರ, ಲಗೂನ ಬರ್ರಿ. ಬರುವಾಗ ನಿಮ್ಮ ಸ್ಯಾಂಪಲ್ ಡಬ್ಬಿ ತಗೊಂಡ ಬರ್ರಿ."

ನಾನು ಹೋಗಿ ನೋಡುವಷ್ಟರಲ್ಲಿ ಕ್ರೇನ್ ಬಂದಿತ್ತು. ಟ್ಯಾಂಕರಿನ ಹೊಟ್ಟೆ ಒಡೆದು, ಒಳಗಿದ್ದ ಕುದಿಯುವ ಡಾಂಬರು ದಂಡೆಯ ಮೇಲಿಂದ ಇಳಿದು ಹಳ್ಳದ ಮರಳಿನ ಮೇಲೆ ಹರಡಿಕೊಂಡು ಹೆಪ್ಪುಗಟ್ಟಿತ್ತು. ಮಾರ್ಚ್ ತಿಂಗಳು. ಹಳ್ಳದ ನಡುವೆ ನೀರು ತೆಳ್ಳಗೆ ಹರಿಯುತ್ತಿತ್ತು. ಡಾಂಬರು ಆ ನೀರನ್ನು ದಾಟಿ ಆಚೆ ಬದಿಗೂ ನಾಲಗೆ ಚಾಚಿತ್ತು.

ಚಾಲಕರು ಸೇತುವೆಯ ಕಟ್ಟೆಯ ಮೇಲೆ ಕುಳಿತಿದ್ದರು. ಯಲ್ಲಾಪುರದವರು, ಐವತ್ತರ ಆಸುಪಾಸು. ಮೈಗೆ ದೊಡ್ಡ ಪೆಟ್ಟೇನೂ ಆಗಿರಲಿಲ್ಲ. ಭುಜ ಜಜ್ಜಿತ್ತು, ಮೊಣಕೈ ತರಚಿತ್ತು. ಆಸ್ಪತ್ರೆಗೆ ಹೋಗಿ ಪಟ್ಟಿ ಕಟ್ಟಿಸಿಕೊಂಡು ಮತ್ತೆ ಅಲ್ಲಿಗೇ ಬಂದಿದ್ದರು.

"ಮನೆಗೆ ಹೋಗಿ ಮಲಗಬಾರದಾ?" ಎಂದೆ.

"ಹೋಗಿ ಎಂತ ಮಾಡ್ಲಿ ಮೇಡಂ? ಕಣ್ಣು ಮುಚ್ಚಿದ್ರೆ ಇದೇ ಕಾಣ್ತದೆ," ಎಂದು ಹಳ್ಳದ ಕಡೆ ಕೈ ತೋರಿದರು. "ಎದುರಿಂದ ಬೈಕ್ ಬಂತು. ಗಂಡ, ಹೆಂಡ್ತಿ, ನಡುವೆ ಒಂದು ಕೂಸು. ನಾನು ಎಡಕ್ಕೆ ಎಳೆದೆ. ಅವರು ಉಳಿದ್ರು. ಈ ನೀರು ಹೋಯ್ತು."

ನೀರು ಅಂದದ್ದು ಯಾಕೆ ಎಂದು ಆಗ ನನಗೆ ಗೊತ್ತಾಗಲಿಲ್ಲ. ಸೇತುವೆಯಿಂದ ಸ್ವಲ್ಪ ಕೆಳಗೆ ಹಳ್ಳಕ್ಕೆ ಕಲ್ಲಿನ ಸಣ್ಣ ಕಟ್ಟು ಹಾಕಿ, ಪೈಪ್ ಇಟ್ಟು, ಅದರ ಕೆಳಗಿನ ಕೇರಿಗೆ ನೀರು ಒಯ್ದಿದ್ದರು. ಇಲ್ಲಿ ಅದನ್ನು ಅಬ್ಬಿ ನೀರು ಎನ್ನುತ್ತಾರೆ. ಪಂಪು, ಕರೆಂಟು ಯಾವುದೂ ಬೇಡ. ಇಳಿಜಾರಿನಲ್ಲಿ ತಾನಾಗಿ ಹರಿದು ಮನೆ ಬಾಗಿಲಿಗೆ ಬರುತ್ತದೆ. ಕೇರಿಯ ಮನೆಗಳಿಗೂ ಪಕ್ಕದ ಶಾಲೆಗೂ ಇದ್ದದ್ದು ಅದೊಂದೇ.

ಮರುದಿನ ಬೆಳಿಗ್ಗೆ ನಾನು ಬರುವ ಮೊದಲೇ ಕೆಲಸ ಶುರುವಾಗಿತ್ತು. ದಂಡೆಯ ಮೇಲೆ ಡೀಸೆಲ್ ಕ್ಯಾನುಗಳು. ಆಳುಗಳು ಡಾಂಬರಿನ ಮೇಲೆ ಡೀಸೆಲ್ ಸುರಿದು ಪೊರಕೆಯಿಂದ ಉಜ್ಜುತ್ತಿದ್ದರು. ಗಟ್ಟಿಯಾಗಿ ಕೂತಿದ್ದ ಡಾಂಬರು ಕಪ್ಪು ಅಂಬಲಿಯಾಗಿ ಮರಳಿನೊಳಗೆ ಇಳಿಯುತ್ತಿತ್ತು. ನಾನು ಕೂಗಿ ನಿಲ್ಲಿಸುವಷ್ಟರಲ್ಲಿ ಕೆಳಗಿನಿಂದ ಒಬ್ಬ ಹೆಂಗಸು ಕೊಡ ಹಿಡಿದು ಹತ್ತಿ ಬಂದರು. ಶಾಲೆಯ ಬಿಸಿಯೂಟದ ಅಡುಗೆಯವರು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ನನ್ನ ಮಾತಿನ ಧಾಟಿ ಕೇಳಿ ಅವರು ನಮ್ಮಿಬ್ಬರ ಮನೆಮಾತಿಗೆ ಇಳಿದರು.

"ನೋಡೆ ತಂಗಿ, ನೀರಿನ ಮೇಲೆ ಕಾಮನಬಿಲ್ಲು. ಇದರಲ್ಲಿ ಆನು ಮಕ್ಕಳಿಗೆ ಅನ್ನ ಬೇಯಿಸ್ಲಾ?"

ಕೊಡದ ನೀರಿನ ಮೇಲೆ ಎಣ್ಣೆಯ ಬಣ್ಣಗಳು ತೇಲುತ್ತಿದ್ದವು. ಗುತ್ತಿಗೆದಾರರಿಗೂ ತೋರಿಸಿದೆ. ಬನವಾಸಿ ಕಡೆಯ ಮನುಷ್ಯ, ಕೆಟ್ಟವರಲ್ಲ. ಕೆಲಸ ಬೇಗ ಮುಗಿಯಬೇಕು, ಅಷ್ಟೇ.

"ಮೇಡಂರ, ನೀವ ಹೇಳ್ರಿ, ಡಾಂಬರ ಕರಗೂದು ಯಾತರಾಗ? ಡೀಸೆಲ್‌ನ್ಯಾಗ ಹೌದಲ್ರಿ? ತೊಳದ ಬಿಟ್ರ ಆತಲ್ರಿ."

"ಕರಗುತ್ತದೆ ಸರ್. ಕರಗಿದ್ದು ಎಲ್ಲಿಗೆ ಹೋಗುತ್ತದೆ? ತಣ್ಣಗಿರುವ ಡಾಂಬರು ಬಿದ್ದಲ್ಲೇ ಬಿದ್ದಿರುತ್ತದೆ. ಕುಡಿಯುವ ನೀರಿಗೆ ಅದನ್ನು ಸಾಗಿಸುತ್ತಿರುವವರು ನಾವು."

ಅವರು ಕೊಡದ ನೀರನ್ನು ಮತ್ತೊಮ್ಮೆ ಬಗ್ಗಿ ನೋಡಿದರು. ಆಮೇಲೆ ಕ್ಯಾನುಗಳನ್ನು ಲಾರಿಗೆ ಏರಿಸಲು ಹೇಳಿದರು. "ಮತ್ತ ನಿಮ್ಮ ಉಪಾಯ ಏನೈತಿ, ಅದನ್ನ ಮಾಡ್ರಿ. ಆದ್ರ ಮಳಿಗಾಲಕ್ಕ ಮೊದಲ ಮುಗೀಬೇಕು."

ನನ್ನ ಹತ್ತಿರ ಉಪಾಯವೇನೂ ಇರಲಿಲ್ಲ. ಡೀಸೆಲ್ ಬೇಡ ಎಂಬುದಷ್ಟೇ ಗೊತ್ತಿತ್ತು. ಮೊದಲು ಅಬ್ಬಿಯ ಪೈಪನ್ನು ಕಳಚಿಸಿದೆ. ಹಳ್ಳಕ್ಕೆ ಮೇಲ್ಗಡೆ ಮರಳಿನ ಚೀಲಗಳ ಒಡ್ಡು ಹಾಕಿಸಿ, ಹರಿಯುವ ನೀರನ್ನು ದಪ್ಪ ಪೈಪಿನಲ್ಲಿ ಬದಿಯಿಂದ ದಾಟಿಸಿದೆವು. ಕೇರಿಗೆ ನೀರು ಬೇಕಲ್ಲ? ಅದಕ್ಕೆ ಚಾಲಕರು ತಾವಾಗಿ ಮುಂದೆ ಬಂದರು. ಅವರ ಹೆಂಡತಿಯ ತಮ್ಮನದೊಂದು ಟೆಂಪೊ ಇತ್ತು. ಯಲ್ಲಾಪುರದಿಂದ ಕ್ಯಾನುಗಳಲ್ಲಿ ನೀರು ತುಂಬಿ ದಿನಾ ತರತೊಡಗಿದರು.

ಮೊದಲ ದಿನ ಅಕ್ಕ ಅವರಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಕ್ಯಾನುಗಳನ್ನು ಎಣಿಸಿ ಒಳಗಿಡಿಸಿಕೊಂಡು, "ನಮ್ಮ ನೀರು ಹಾಳು ಮಾಡಿ ಈಗ ಕ್ಯಾನಲ್ಲಿ ಕೊಡೂಕೆ ಬಂದ್ರಾ?" ಎಂದು ಗೋಡೆಗೆ ಹೇಳಿದಂತೆ ಹೇಳಿದರು. ಚಾಲಕರು ತಲೆ ತಗ್ಗಿಸಿ ಖಾಲಿ ಕ್ಯಾನುಗಳನ್ನು ಎತ್ತಿಕೊಂಡು ಹೋದರು. ಮರುದಿನ ಮತ್ತೆ ಬಂದರು.

ಡಾಂಬರು ಎತ್ತುವ ಕೆಲಸವನ್ನು ಬೆಳಗಿನ ಜಾವದ ಚಳಿಯಲ್ಲಿ ಮಾಡಿದೆವು. ಬಿಸಿಲೇರಿದರೆ ಅದು ಅಂಟಾಗಿ ಗುದ್ದಲಿಗೆ ಹತ್ತಿಕೊಳ್ಳುತ್ತದೆ. ತಣ್ಣಗಿರುವಾಗ ಹಾರೆಯಿಂದ ಮೀಟಿದರೆ ಬೆಲ್ಲದ ಅಚ್ಚಿನಂತೆ ತುಂಡು ತುಂಡಾಗಿ ಏಳುತ್ತದೆ. ದಪ್ಪ ಚಕ್ಕೆಗಳು ಹೀಗೆ ಬಂದವು. ಕೆಳಗೆ ಉಳಿದದ್ದು ಮರಳಿನೊಂದಿಗೆ ಬೆರೆತ ಡಾಂಬರು. ಅದನ್ನೂ ಬುಟ್ಟಿಯಲ್ಲಿ ತುಂಬಿ, ಟ್ರಾಕ್ಟರಿನಲ್ಲಿ ಹಾಕಿ, ಪ್ಲಾಂಟಿನ ಅಂಗಳದಲ್ಲಿ ತಾಡಪತ್ರಿಯ ಮೇಲೆ ರಾಶಿ ಹಾಕಿದೆವು. ಚಾಲಕರೂ ನೀರು ಇಳಿಸಿದ ಮೇಲೆ ಇಳಿದು ಬಂದು ಬುಟ್ಟಿ ಹೊರುತ್ತಿದ್ದರು. ಯಾರೂ ಕರೆದಿರಲಿಲ್ಲ.

ಒಂದು ದಿನ ಅವರು ಮುಂಗೈಗೆ ಹತ್ತಿದ ಡಾಂಬರನ್ನು ಡೀಸೆಲ್ ಬಟ್ಟೆಯಿಂದ ತಿಕ್ಕುತ್ತಿದ್ದರು. ಚರ್ಮ ಕೆಂಪಾಗಿತ್ತು. ಅಕ್ಕ ಅಡುಗೆಕೋಣೆಯ ಬಾಗಿಲಿನಿಂದ ನೋಡಿದರು. ಒಳಗೆ ಹೋಗಿ ಕೊಬ್ಬರಿ ಎಣ್ಣೆಯ ಬಾಟಲಿ ತಂದು ಕಟ್ಟೆಯ ಮೇಲೆ ಇಟ್ಟರು.

"ಇದನ್ನ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಆಮೇಲೆ ಒರೆಸಿ. ಚರ್ಮ ಎಂತ ಟಯರ್ ಅಂದ್ಕಂಡಿದ್ರಾ?"

ಅವರು ಹಚ್ಚಿದರು. ಡಾಂಬರು ಮೆಲ್ಲಗೆ ಮೆತ್ತಗಾಗಿ ಬಟ್ಟೆಗೆ ಬಂತು. "ಹೌದಲ್ಲ ಅಕ್ಕಾ," ಎಂದರು ಚಾಲಕರು. ಅವರಿಬ್ಬರ ನಡುವೆ ನಾನು ಕೇಳಿದ ಮೊದಲ ಮಾತುಕತೆ ಅದು.

ಅಂಗಳದ ರಾಶಿ ನನಗೆ ತಲೆನೋವಾಯಿತು. ಅದನ್ನು ಗುಂಡಿ ತೋಡಿ ಹೂಳಬಾರದು ಎಂದು ಅರಣ್ಯದ ಗಾರ್ಡ್ ಹೇಳಿ ಹೋಗಿದ್ದರು. ತೇವದ ಮರಳನ್ನು ಹಾಗೆಯೇ ಪ್ಲಾಂಟಿಗೆ ಹಾಕಿದರೆ ಬಿಸಿಗೆ ನೊರೆ ಉಕ್ಕುತ್ತದೆ. ಹಳ್ಳದಲ್ಲಿ ಹೊಂಡ ಬಿದ್ದ ಜಾಗಕ್ಕೆ ಮರಳೂ ಬೇಕಿತ್ತು. ಡಾಂಬರು ಬೇರೆ, ಮರಳು ಬೇರೆ ಮಾಡಲು ಸಾಧ್ಯವೇ?

ನನ್ನ ಬಟ್ಟಲಿನಲ್ಲಿ ಸಾಧ್ಯವಿತ್ತು. ಒಂದು ಹಿಡಿ ಮರಳು ಹಾಕಿ, ದ್ರಾವಕದಲ್ಲಿ ನೆನೆಸಿ, ತಿರುಗಿಸಿದರೆ ಮರಳು ಸಕ್ಕರೆಯ ಹಾಗೆ ಹೊಳೆಯುತ್ತಿತ್ತು. ಆದರೆ ಟ್ರಾಕ್ಟರ್ ಲೆಕ್ಕದ ಮರಳಿಗೆ ಆ ವಿಷವನ್ನು ಎಲ್ಲಿ ಸುರಿಯುವುದು? ಹೊರದೇಶದಲ್ಲಿ ನೆಲದೊಳಗೇ ಡಾಂಬರು ಕಲೆತ ಮರಳಿನ ಗಣಿಗಳಿವೆ ಎಂದು ಓದಿದ್ದೆ. ಅಲ್ಲಿ ಬಿಸಿನೀರಿಗೆ ಕ್ಷಾರ ಸೇರಿಸಿ ಕಲಕಿ ಡಾಂಬರನ್ನು ತೇಲಿಸಿ ತೆಗೆಯುತ್ತಾರೆ. ಕೆಲವು ಕಡೆ ಅದು ಬಿಡದಿದ್ದಾಗ ದ್ರಾವಕವೇ ಬೇಕು. ನೋಡೋಣ ಎಂದು ಒಂದು ಪಾತ್ರೆಯಲ್ಲಿ ನೀರು ಕಾಸಿ, ಬಟ್ಟೆ ಒಗೆಯುವ ಸೋಡಾ ಹಾಕಿ, ಡಾಂಬರು ಮರಳನ್ನು ಸುರಿದು ಕೋಲಿನಿಂದ ಕಲಕಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಕಂದು ನೊರೆ ಎದ್ದಿತು. ನೊರೆಯ ಜೊತೆ ಕಪ್ಪು ಎಳೆಗಳು ಮೇಲೆ ಬಂದು ಒಂದಕ್ಕೊಂದು ಅಂಟಿ ಉಂಡೆಯಾದವು. ಜಾಲರಿ ಸೌಟಿನಿಂದ ಎತ್ತಿದೆ. ತಳದಲ್ಲಿ ಮರಳು ಬೂದು ಬಣ್ಣಕ್ಕೆ ತಿರುಗಿತ್ತು. ನಾನು ಒಬ್ಬಳೇ ಆ ತಗಡಿನ ಕೋಣೆಯಲ್ಲಿ ನಕ್ಕೆ.

ಮರುದಿನ ದೊಡ್ಡ ಬ್ಯಾರೆಲ್ಲು ಕೊಯ್ಯಿಸಿ, ಕೆಳಗೆ ಒಲೆ ಹೂಡಿ, ಗುತ್ತಿಗೆದಾರರನ್ನೂ ಕರೆದು ತೋರಿಸಿದೆ. ನೀರು ಕುದಿಯಿತು, ಸೋಡಾ ಹಾಕಿದೆವು, ಇಬ್ಬರು ಕಲಕಿದರು. ಏನೂ ತೇಲಲಿಲ್ಲ. ಸೋಡಾ ಹೆಚ್ಚಿಸಿದೆ. ಇನ್ನೂ ಕಾಸಿದೆ. ಮರಳು ಕಪ್ಪಗೆ ತಳದಲ್ಲೇ ಕೂತಿತ್ತು.

"ನಿನ್ನೆ ಆಗಿತ್ತು ಸರ್," ಎಂದೆ.

"ನಿನ್ನಿ ನಾ ನೋಡಿಲ್ರಿ," ಎಂದು ಅವರು ಕಾರು ಹತ್ತಿದರು.

ಆ ದಿನ ಊಟ ಸೇರಲಿಲ್ಲ. ನಿನ್ನೆಯ ಪಾತ್ರೆಯಲ್ಲಿ ಉಳಿದ ಸ್ವಲ್ಪ ಮರಳನ್ನೂ ಬ್ಯಾರೆಲ್ಲಿನ ಮರಳನ್ನೂ ಬೇರೆ ಬೇರೆಯಾಗಿ ದ್ರಾವಕದಲ್ಲಿ ಚೆನ್ನಾಗಿ ತೊಳೆದು, ಒಣಗಿಸಿ, ಭೂತಗನ್ನಡಿಯಲ್ಲಿ ನೋಡಿದೆ. ನಿನ್ನೆಯ ಕಣಗಳು ಗಾಜಿನಂತೆ ಸ್ವಚ್ಛ. ಇವತ್ತಿನ ಕಣಗಳ ಮೈಗೆ ತೊಳೆದ ಮೇಲೂ ಕಂದು ಕಲೆ. ಬಹಳ ಹೊತ್ತು ನೋಡಿದ ಮೇಲೆ ಅರ್ಥವಾಯಿತು. ನಿನ್ನೆಯದು ಹಳ್ಳದ ನಡುವಿನ ಮರಳು. ಡಾಂಬರು ಬಿದ್ದಾಗಲೇ ಅದು ಒದ್ದೆಯಾಗಿತ್ತು. ಪ್ರತಿ ಕಣದ ಸುತ್ತ ನೀರಿನ ತೆಳು ಪದರ ಇದ್ದುದರಿಂದ ಡಾಂಬರು ಆ ನೀರಿನ ಮೇಲೆ ಕೂತಿತ್ತೇ ಹೊರತು ಕಣವನ್ನು ಮುಟ್ಟಿರಲಿಲ್ಲ. ಹಾಗಾಗಿ ಬಿಸಿನೀರಿಗೆ ಬಿಟ್ಟುಕೊಟ್ಟಿತು. ಬ್ಯಾರೆಲ್ಲಿಗೆ ಹಾಕಿದ್ದು ದಂಡೆಯ ಒಣ ಮರಳು. ಅದರ ಮೈಗೆ ಡಾಂಬರು ನೇರವಾಗಿ ಹತ್ತಿತ್ತು. ಅದು ದ್ರಾವಕಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಗ್ಗುವುದಿಲ್ಲ.

ರಾಶಿಯನ್ನು ಎರಡು ಮಾಡಿಸಿದೆ. ಹಳ್ಳದ ನಡುವಿನದನ್ನು ಬ್ಯಾರೆಲ್ಲಿನಲ್ಲಿ ಕುದಿಸಿ, ಡಾಂಬರು ತೇಲಿಸಿ ತೆಗೆದು, ಮರಳನ್ನು ಮತ್ತೆ ಮತ್ತೆ ಸಿಹಿನೀರಿನಲ್ಲಿ ತೊಳೆದೆವು. ಪ್ರತಿ ಬ್ಯಾರೆಲ್ಲಿನ ಒಂದು ಹಿಡಿ ನನ್ನ ಬಟ್ಟಲಿಗೆ ಬರುತ್ತಿತ್ತು. ದ್ರಾವಕ ತಿಳಿಯಾಗಿ ಹೊರಬಂದರೆ ಮಾತ್ರ ಆ ಮರಳು ಹಳ್ಳಕ್ಕೆ ಹೋಗಬೇಕು. ತೊಳೆದ ಕೊಳೆನೀರನ್ನು ಪ್ಲಾಸ್ಟಿಕ್ ಹಾಳೆ ಹಾಸಿದ ತೊಟ್ಟಿಯಲ್ಲಿ ಬಿಸಿಲಿಗೆ ಆರಿಸಿದೆವು.

ದಂಡೆಯ ಮರಳಿಗೆ ಗುತ್ತಿಗೆದಾರರು ಮತ್ತೆ ಡೀಸೆಲ್ಲಿನ ಮಾತು ತೆಗೆದರು. "ಅದು ಕರಗಸ್ತದ ಅಂತ ನೀವ ಹೇಳಿದ್ರಿ."

"ಕರಗಿಸಿದ ಮೇಲೆ ಆ ಡೀಸೆಲ್ಲನ್ನು ಏನು ಮಾಡ್ತೀರಿ ಸರ್? ಇನ್ನೊಂದು ಗುಂಡಿ ಹುಡುಕಬೇಕು. ದ್ರಾವಕ ನನ್ನ ಕೋಣೆಯ ಬಟ್ಟಲಿನಿಂದ ಹೊರಗೆ ಬರುವುದು ಬೇಡ. ಈ ಮರಳಿನಲ್ಲಿ ಡಾಂಬರು ಎಷ್ಟಿದೆ ಎಂದು ನಾನು ಅಳೆದು ಕೊಡ್ತೇನೆ. ಬಿಸಿಲಿನಲ್ಲಿ ಒಣಗಿಸಿ, ಮಿಶ್ರಣಕ್ಕೆ ಸ್ವಲ್ಪ ಸ್ವಲ್ಪ ಸೇರಿಸೋಣ. ಅಷ್ಟು ಹೊಸ ಡಾಂಬರು ಕಡಿಮೆ ಹಾಕಿದರಾಯಿತು. ರಸ್ತೆಗೇ ಬಂದ ಸಾಮಾನು, ರಸ್ತೆಗೇ ಹೋಗಲಿ."

ಅವರು ಆ ರಾಶಿಯನ್ನು ಸ್ವಲ್ಪ ಹೊತ್ತು ದಿಟ್ಟಿಸಿದರು. "ಇದನ್ನ ಮೊದಲ ಹೇಳಬೇಕಿಲ್ರಿ?" ಎಂದರು. ಮೊದಲು ನನಗೂ ಗೊತ್ತಿರಲಿಲ್ಲ ಎಂದೆ. ಅವರು ನಕ್ಕುಬಿಟ್ಟರು.

ಮೇ ತಿಂಗಳ ಕೊನೆಯ ಹೊತ್ತಿಗೆ ಹಳ್ಳ ನೋಡಲು ಮೊದಲಿನಂತೆಯೇ ಇತ್ತು. ಬಂಡೆಗಳ ಮೇಲೆ ಅಲ್ಲಲ್ಲಿ ಕಪ್ಪು ಕಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಒಡ್ಡು ತೆಗೆದು ನೀರು ಬಿಟ್ಟೆವು. ಶಾಲೆ ಶುರುವಾಗುವುದರಲ್ಲಿತ್ತು. ನೀರು ಸರಿಯಿದೆ ಎಂದು ನಾನು ಬರೆದು ಕೊಟ್ಟರೆ ಪೈಪ್ ಜೋಡಿಸಬಹುದು ಎಂದು ಗುತ್ತಿಗೆದಾರರು ಅವಸರ ಮಾಡಿದರು. ಅದಕ್ಕಿಂತ ಕಷ್ಟವಾದದ್ದು ಅಕ್ಕನ ಮಾತು.

"ಕ್ಯಾನಿನ ನೀರಲ್ಲಿ ಎಷ್ಟು ದಿನ ಹೇಳಿ ದಿನ ತೆಗೆಯೂದು ತಂಗಿ? ಬಟ್ಟೆ ಒಗೆಯಲೆ ಇಲ್ಲೆ, ಪಾತ್ರೆಗೆ ಇಲ್ಲೆ. ನೀರು ತಿಳಿ ಇದ್ದು, ಕಣ್ಣಿಗೆ ಕಾಣ್ತು. ನಿಂಗೆ ಎಂತ ಹೆದರಿಕೆ?"

ಹೆದರಿಕೆ ಇತ್ತು. ಡೀಸೆಲ್ ಸುರಿದ ಜಾಗದ ಮಣ್ಣನ್ನು ನಾವು ಮೇಲಿನಿಂದ ಕೆರೆದಿದ್ದೆವು. ಆದರೆ ಅದು ಎಷ್ಟು ಆಳಕ್ಕೆ ಇಳಿದಿದೆ ಎಂದು ಯಾರಿಗೆ ಗೊತ್ತು? ಒಣಗಿದ ದಂಡೆ ಏನನ್ನೂ ಬಿಡುವುದಿಲ್ಲ. ಮಳೆ ಬಿದ್ದರೆ ಗೊತ್ತಾಗುತ್ತದೆ.

"ಒಂದು ಮಳೆ ಬರಲಿ ಅಕ್ಕಾ. ಮಳೆ ಬಂದ ಮೇಲೆ ನೀರು ಪರೀಕ್ಷೆ ಮಾಡಿ ಹೇಳ್ತೆ. ಅಲ್ಲಿವರೆಗೆ ನನಗೆ ಬರೆದು ಕೊಡಲಿಕ್ಕೆ ಆಗ್ತಿಲ್ಲೆ."

ಅಕ್ಕ ಕೊಡವನ್ನು ಕುಕ್ಕಿ ಒಳಗೆ ಹೋದರು. ಸಿಟ್ಟು ನ್ಯಾಯವಾಗಿಯೇ ಇತ್ತು. ದಿನಾ ನೀರು ಹೊರುವವರು ಅವರು, ನಾನಲ್ಲ. ಹಿಂತಿರುಗುವಾಗ ದಾರಿಯುದ್ದಕ್ಕೂ ಸುಮ್ಮನೆ ಹಟ ಮಾಡುತ್ತಿದ್ದೇನೆಯೇ ಎಂದು ಯೋಚಿಸಿದೆ. ಮರುದಿನದಿಂದ ಚಾಲಕರ ಟೆಂಪೊದಲ್ಲಿ ಇನ್ನಷ್ಟು ಕ್ಯಾನುಗಳು ಬಂದವು. ಬಟ್ಟೆಗೂ ಆಗುವಷ್ಟು.

ಮೊದಲ ಮಳೆ ಒಂದು ಮಧ್ಯಾಹ್ನ ಗುಡುಗಿಕೊಂಡು ಬಂತು. ಹಳ್ಳ ಕೆಂಪಾಗಿ ಏರಿತು. ಇಳಿದ ಮೇಲೆ ಅಬ್ಬಿಯ ಕಟ್ಟಿನಿಂದ ಬಾಟಲಿಗಳಲ್ಲಿ ನೀರು ತುಂಬಿಕೊಂಡೆ. ಒಂದನ್ನು ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸಿದೆ. ಅಲ್ಲಿಂದ ವರದಿ ಬರುವುದು ತಡ. ಇನ್ನೊಂದನ್ನು ನಾನೇ ನೋಡಲು ಶಿರಸಿಯ ಕಾಲೇಜೊಂದರಿಂದ ತಳದಲ್ಲಿ ನಲ್ಲಿ ಇರುವ ಗಾಜಿನ ಪಾತ್ರೆಯನ್ನು ಎರವಲು ತಂದಿದ್ದೆ. ನೀರಿಗೆ ದ್ರಾವಕ ಸೇರಿಸಿ ಕುಲುಕಿದರೆ, ನೀರಿನಲ್ಲಿ ಎಣ್ಣೆಯ ಅಂಶವೇನಾದರೂ ಇದ್ದರೆ ಅದು ದ್ರಾವಕಕ್ಕೆ ಬಂದು ಸೇರುತ್ತದೆ. ಆ ದ್ರಾವಕವನ್ನು ಮಾತ್ರ ಬಿಳಿಯ ಪಿಂಗಾಣಿ ಬಟ್ಟಲಿಗೆ ಇಳಿಸಿ, ಬಿಸಿನೀರಿನ ಮೇಲಿಟ್ಟು ಆರಿಸಿದೆ. ಬಟ್ಟಲಿನ ಒಳಗೆ ಚಹಾ ಲೋಟದ ಗುರುತಿನಂಥ ಒಂದು ಕಂದು ಉಂಗುರ ಉಳಿಯಿತು.

ಬಟ್ಟಲನ್ನು ಹಾಗೆಯೇ ತೆಗೆದುಕೊಂಡು ಹೋಗಿ ಅಕ್ಕನಿಗೆ ತೋರಿಸಿದೆ. ಅವರು ಬೆರಳಿನಿಂದ ಉಂಗುರವನ್ನು ಮುಟ್ಟಿ ಮೂಸಿ ನೋಡಿದರು. ಡೀಸೆಲ್ ವಾಸನೆ ಇನ್ನೂ ಸಣ್ಣಗೆ ಇತ್ತು. ಬಟ್ಟಲನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ನನಗೆ ಒಂದು ಲೋಟ ಬೆಲ್ಲದ ಕಷಾಯ ತಂದುಕೊಟ್ಟರು.

ಗುತ್ತಿಗೆದಾರರನ್ನು ಒಪ್ಪಿಸುವ ಕೆಲಸವೇ ಬೀಳಲಿಲ್ಲ. ಬಟ್ಟಲು ನೋಡಿ, "ಅಗೀಸ್ರಿ" ಎಂದರು. ಮಳೆಯ ನಡುವೆ ಬಿಡುವು ಸಿಕ್ಕಾಗಲೆಲ್ಲ ದಂಡೆಯಲ್ಲಿ ಡೀಸೆಲ್ ಸುರಿದ ಭಾಗವನ್ನು ಅಗೆದೆವು. ಮೇಲೆ ತಾಡಪತ್ರಿ ಕಟ್ಟಿ, ಕೆಳಗೆ ಕೆಸರಿನಲ್ಲಿ ನಿಂತು, ವಾಸನೆ ಬರುವ ಮಣ್ಣನ್ನೆಲ್ಲ ತೆಗೆದು ಪ್ಲಾಂಟಿನ ಅಂಗಳದ ತಾಡಪತ್ರಿಗೆ ಸಾಗಿಸಿದೆವು. ನಾನು ಅಂದುಕೊಂಡಿದ್ದಕ್ಕಿಂತ ಬಹಳ ಆಳಕ್ಕೆ ಇಳಿದಿತ್ತು. ಒಂದು ಸಲ ದಂಡೆ ಕುಸಿದು ಅರ್ಧ ಕೆಲಸ ಮತ್ತೆ ಮಾಡಬೇಕಾಯಿತು. ಕೇರಿಯ ಗಂಡಸರೂ ಇಳಿದರು. ಅಕ್ಕ ಮೇಲೆ ನಿಂತು ಒಂದೊಂದು ಬುಟ್ಟಿಯ ಮಣ್ಣನ್ನು ಮೂಸಿ, "ಇನ್ನೂ ಇದ್ದು, ಇನ್ನೂ ಇದ್ದು," ಎನ್ನುತ್ತಿದ್ದರು. ಕಡೆಗೆ ಒಂದು ಬುಟ್ಟಿ ಹಿಡಿದು, "ಇದು ಬರೀ ಮಣ್ಣು," ಎಂದರು.

ಆ ಮೇಲಿನ ಜೋರು ಮಳೆಗಳ ನಂತರ ಮತ್ತೆ ಮತ್ತೆ ನೀರು ತಂದು ನೋಡಿದೆ. ಬಟ್ಟಲು ಬಿಳಿಯಾಗಿಯೇ ಉಳಿಯಿತು. ಸರ್ಕಾರಿ ಪ್ರಯೋಗಾಲಯಕ್ಕೆ ಎರಡನೇ ಸಲ ಕಳಿಸಿದ್ದ ಬಾಟಲಿಯ ವರದಿಯೂ ಬಂತು. ಕುಡಿಯಲು ತೊಂದರೆಯಿಲ್ಲ ಎಂದಿತ್ತು. ಆ ದಿನವೇ ಹೋದೆ. ಶಾಲೆಯ ಅಡುಗೆಕೋಣೆಯಲ್ಲಿ ಅಕ್ಕ ಬೇಳೆ ತೊಳೆಯುತ್ತಿದ್ದರು.

"ನೀರಲ್ಲಿ ಎಂತೂ ಇಲ್ಲೆ ಅಕ್ಕಾ," ಎಂದೆ.

"ಎಂತೂ ಇಲ್ಲೆ ಹೇಳಲೆ ಇಷ್ಟು ದಿನ ಬೇಕಾತಾ ನಿಂಗೆ?" ಎಂದರು. ಆದರೆ ಕಣ್ಣು ಒರೆಸಿಕೊಂಡರು. ಆಮೇಲೆ ಇಬ್ಬರೂ ಅಬ್ಬಿಯ ಕಟ್ಟಿಗೆ ಹೋಗಿ ಪೈಪ್ ಜೋಡಿಸಿದೆವು. ನೀರು ಗಾಳಿಯನ್ನು ದಬ್ಬಿಕೊಂಡು, ಕೆಮ್ಮುತ್ತಾ, ಶಾಲೆಯ ತೊಟ್ಟಿಗೆ ಬಂದು ಬಿತ್ತು. ಅಕ್ಕ ಮೊದಲ ಕೊಡ ಚೆಲ್ಲಿದರು. ಎರಡನೆಯದರಿಂದ ಬೊಗಸೆ ತುಂಬಿ ಕುಡಿದರು.

ಅಷ್ಟರಲ್ಲಿ ಟೆಂಪೊ ಬಂತು. ಸುದ್ದಿ ತಿಳಿಯದ ಚಾಲಕರು ಎಂದಿನಂತೆ ಕ್ಯಾನು ಇಳಿಸತೊಡಗಿದರು. ತೊಟ್ಟಿಗೆ ನೀರು ಬೀಳುವ ಸದ್ದು ಕೇಳಿ ಕೈ ನಿಲ್ಲಿಸಿದರು.

"ನಾಳೆಯಿಂದ ನೀರು ತರೂದು ಬ್ಯಾಡ," ಎಂದರು ಅಕ್ಕ.

ಅವರು ತಲೆಯಾಡಿಸಿದರು. ಸಂತೋಷವಾಗಬೇಕಿತ್ತು, ಆಗಿಯೂ ಇತ್ತೇನೋ. ಆದರೆ ಕ್ಯಾನು ಕೈಯಲ್ಲೇ ಹಿಡಿದು, ಎಲ್ಲಿಡುವುದೆಂದು ತಿಳಿಯದವರಂತೆ ನಿಂತರು. ಮಗುಚಿದ ಟ್ಯಾಂಕರಿನ ಮಾಲೀಕರು ಅವರನ್ನು ಮತ್ತೆ ಕೆಲಸಕ್ಕೆ ಕರೆದಿರಲಿಲ್ಲ. ಈ ತಿಂಗಳುಗಳಲ್ಲಿ ಅವರಿಗಿದ್ದ ದಾರಿ ಈ ಕೇರಿಯದೊಂದೇ. ಖಾಲಿ ಕ್ಯಾನುಗಳನ್ನು ಒಂದೊಂದಾಗಿ ಏರಿಸಿ, ಹಗ್ಗ ಬಿಗಿದು, "ಬರ್ತೆ ಅಕ್ಕಾ," ಎಂದು ಟೆಂಪೊದ ಬಾಗಿಲಿಗೆ ಕೈ ಹಾಕಿದರು.

"ಹೋಯ್," ಎಂದು ಅಕ್ಕ ಸೌಟು ಹಿಡಿದೇ ಹೊರಗೆ ಬಂದರು. "ನೀರು ತರೂದು ಬ್ಯಾಡ ಅಂದೆ. ಬರೂದು ಬ್ಯಾಡ ಅಂದ್ನಾ? ಕೈ ತೊಳ್ಕಂಡು ಕೂತ್ಕಳಿ. ಹೊಸ ನೀರಲ್ಲಿ ಅನ್ನ ಇಟ್ಟಿದ್ದೆ."

ಅವರು ತೊಟ್ಟಿಯ ಹತ್ತಿರ ಹೋಗಿ ಪೈಪಿನ ಕೆಳಗೆ ಎರಡೂ ಕೈ ಒಡ್ಡಿದರು. ಬಹಳ ಹೊತ್ತು ಹಾಗೆಯೇ ತೊಳೆಯುತ್ತಾ ನಿಂತಿದ್ದರು.